ಮನೆ ನಾಯಿ ಹೋದ ಮೇಲೆ ಹೊಸ ಮರಿ ತರುವ ಮುನ್ನ

ನಾಯಿ ಸತ್ತ ವಾರದೊಳಗೇ ಹೊಸ ಮರಿ ತಂದವರನ್ನು ರಾಯಚೂರಿನ ನಮ್ಮ ಓಣಿಯಲ್ಲೇ ಸಾಕಷ್ಟು ನೋಡಿದ್ದೇನೆ. ಮಕ್ಕಳ ಅಳು ನಿಲ್ಲಲಿ ಅಂತ ತರುತ್ತಾರೆ. ಕೆಲವು ಮರಿಗಳು ರಕ್ತಭೇದಿ ಆಗಿ ಸಾಯುತ್ತವೆ. ಉಳಿದವು “ನಮ್ಮ ರಾಜಾ ಹಿಂಗ್ ಮಾಡ್ತಿರ್ಲಿಲ್ಲ” ಅನ್ನುವ ಮಾತು ಕೇಳುತ್ತಾ ಬೆಳೆಯುತ್ತವೆ.

ಮೊದಲು ಮಣ್ಣು ಮಾಡುವ ಕೆಲಸ. ನಾಲ್ಕು ಅಡಿಯಾದರೂ ತೋಡಿ, ಬಾವಿ, ಬೋರ್‌ವೆಲ್‌ನಿಂದ ದೂರ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಗುಂಡಿ ಮೇಲ್ಮೇಲೆ ಇದ್ದರೆ ಬೀದಿ ನಾಯಿಗಳು ಕೆದರುತ್ತವೆ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿ ಬಟ್ಟೆ ಸಾಕು. ಜೊಲ್ಲು ಸುರಿಸುತ್ತಾ, ನೀರು ನುಂಗಲಾಗದೆ, ಸಿಕ್ಕವರನ್ನು ಕಚ್ಚಲು ಹೋಗಿ ಸತ್ತಿದ್ದರೆ ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಅದು ಕಚ್ಚಿದವರು, ಜೊಲ್ಲು ತಾಗಿದವರು ಆವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಕೇಳಬೇಕು.

ಮಕ್ಕಳಿಗೆ “ಹೊಲದಾಗ ಬಿಟ್ಟು ಬಂದೀವಿ” ಅನ್ನಬೇಡಿ. ಮಗು ದಿನಾ ಬಾಗಿಲು ನೋಡುತ್ತಾ ಕೂರುತ್ತದೆ. “ಮಲಗಿದೆ” ಅಂತಲೂ ಬೇಡ, ಆಮೇಲೆ ಅದಕ್ಕೆ ಮಲಗಲು ಭಯ. ಸತ್ತಿದೆ, ಇನ್ನು ಬರುವುದಿಲ್ಲ ಅಂತಲೇ ಹೇಳಿ. ಮಣ್ಣು ಹಾಕಲು ತಾನೂ ಬರುತ್ತೇನೆ ಅಂದರೆ ಕರೆದುಕೊಂಡು ಹೋಗಿ.

ದೊಡ್ಡವರ ದುಃಖಕ್ಕೂ ಜಾಗ ಕೊಡಿ. ಅವ್ವ ರೊಟ್ಟಿ ಬಡಿಯುವಾಗ ಉಳಿದ ಹಿಟ್ಟಲ್ಲಿ ನಾಯಿಗೆ ಅಂತ ಸಣ್ಣದೊಂದು ದಪ್ಪಗೆ ತಟ್ಟಿ, ಹಂಚಿಗೆ ಹಾಕಿದ ಮೇಲೆ ನೆನಪಾಗಿ ನಿಂತುಬಿಡುತ್ತಾಳೆ. ವರ್ಷಗಟ್ಟಲೆಯ ರೂಢಿ ಅದು. ಆ ರೊಟ್ಟಿ ಓಣಿಯ ನಾಯಿಗೆ ಹಾಕಲಿ. “ಒಂದ್ ನಾಯಿಗೆ ಇಷ್ಟ್ಯಾಕ್ ಅಳ್ತೀರಿ” ಅನ್ನುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದರ ಊಟದ ಹೊತ್ತು, ಅಡ್ಡಾಡುವ ಹೊತ್ತು ಬದಲಿಸಬೇಡಿ. ಊಟ ಬಿಟ್ಟರೆ ಡಾಕ್ಟರಿಗೆ ತೋರಿಸಿ.

ಎಲ್ಲರೂ ಎಡವುವುದು ಇದಾದ ಮೇಲೆ. ನಾಯಿ ಯಾತರಿಂದ ಸತ್ತಿತು ಅಂತ ಪಶುವೈದ್ಯರನ್ನು ಕೇಳುವುದೇ ಇಲ್ಲ. ಕೇಳಲೇಬೇಕು. ಮುಪ್ಪಿನಿಂದಲೋ ಕಿಡ್ನಿ ಕೆಟ್ಟೋ ಹೋಯಿತು ಅಂತ ಗೊತ್ತಾದರೆ “ಒಂದಿನ ಮೊದಲೇ ಒಯ್ದಿದ್ದರೆ” ಅನ್ನುವ ಕೊರಗು ಎಷ್ಟೋ ಕಡಿಮೆಯಾಗುತ್ತದೆ. ಪಾರ್ವೋದಿಂದ, ಅಂದರೆ ಮರಿಗಳಿಗೆ ರಕ್ತಭೇದಿ ತರುವ ವೈರಸ್ ರೋಗದಿಂದ ಹೋಗಿದ್ದರೆ ಮನೆಯೇ ಹೊಸ ಮರಿಗೆ ಅಪಾಯ. ಆ ವೈರಸ್ ನೆರಳಿರುವ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಬಿಳಿ ಫಿನಾಯಿಲ್ ಒರೆಸಿದರೆ ಸಾಕು ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಘಮಘಮ ಅನ್ನುವ ನೆಲ ಒರೆಸುವ ದ್ರಾವಣಗಳೂ ಇದಕ್ಕೆ ಉಪಯೋಗವಿಲ್ಲ. ಪರ್ಶಿ ಕಲ್ಲು, ಸಿಮೆಂಟ್ ನೆಲವನ್ನು ಮೊದಲು ಸೋಪು ಹಾಕಿ ತಿಕ್ಕಿ ತೊಳೆಯಿರಿ. ಕೊಳೆ ಉಳಿದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಪಾಲು ದ್ರವ ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಒದ್ದೆಯಾಗಿಯೇ ಬಿಟ್ಟು ತೊಳೆಯಿರಿ. ಬೇರೆ ಯಾವ ಕ್ಲೀನರನ್ನೂ ಇದರ ಜೊತೆ ಬೆರೆಸಬೇಡಿ, ಕೆಟ್ಟ ಗಾಳಿ ಏಳುತ್ತದೆ. ಹಳೆಯ ಹಾಸಿಗೆ, ತಟ್ಟೆ ಬಿಸಾಕಿ. ಮಣ್ಣಿನ ಅಂಗಳ ಮಾತ್ರ ಬ್ಲೀಚಿಗೆ ಬಗ್ಗುವುದಿಲ್ಲ. ಅಂಥ ಮನೆಯವರು ವರ್ಷ ಕಾಯಬೇಕು, ಇಲ್ಲವೇ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನೇ ತರಬೇಕು. ಉಣ್ಣೆ ಹುಳದ ಜ್ವರದಿಂದ ಹೋಗಿದ್ದರೆ ಗೋಡೆಯ ಬಿರುಕುಗಳನ್ನು ನೋಡಿ. ಆ ಹುಳ ಅಲ್ಲಿ ಏನೂ ತಿನ್ನದೆ ತಿಂಗಳುಗಟ್ಟಲೆ ಕೂತಿರುತ್ತದೆ. ಮದ್ದು ಹೊಡೆಸಿ, ಬಿರುಕು ಮುಚ್ಚಿಸಿ.

ಮನೆ ತಯಾರಾಯಿತು, ಮನೆಯವರು? ಹಳೆಯ ನಾಯಿಯ ತುಂಟಾಟವನ್ನು ನೆನೆದು ಎಲ್ಲರೂ ಮಾತಾಡುವಂತಾಗಲಿ. ಆಮೇಲೆ ಕೂತು ಕೇಳಿ: ಬೆಳಗ್ಗೆ ಬೇಗ ಎದ್ದು ಅಡ್ಡಾಡಿಸುವವರು ಯಾರು? ಹೆಸರು ಹೇಳಿ ಒಪ್ಪಿಕೊಳ್ಳುವವರು ಇಲ್ಲದಿದ್ದರೆ ಸದ್ಯಕ್ಕೆ ಬೇಡ.

ಯಾವ ನಾಯಿ ಅಂದರೆ, ನನ್ನ ಮಾತು ಒಂದೇ: ನಾಟಿ ಮರಿ. ಬಳ್ಳಾರಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹಸ್ಕಿ, ಪಗ್ ತಂದು ಏದುಸಿರು ಬಿಡಿಸಬೇಡಿ. ಮುಧೋಳ ನಾಯಿಗೆ ನಮ್ಮ ಬಿಸಿಲು ಹೊಸದಲ್ಲ, ಆದರೆ ಓಡಲು ಬಯಲು ಬೇಕು. ಸಣ್ಣ ಮನೆಯಲ್ಲಿ ಕಟ್ಟಿಹಾಕುವುದಾದರೆ ತರಲೇಬೇಡಿ. ಏಪ್ರಿಲ್, ಮೇ ತಿಂಗಳು ಬಿಟ್ಟು ತನ್ನಿ, ದೀಪಾವಳಿಯ ಪಟಾಕಿ ದಿನಗಳೂ ಬೇಡ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ.

ಹಳೆಯ ಹೆಸರು ಇಡಬೇಡಿ, ಅದೇ ಬಣ್ಣ ಹುಡುಕಬೇಡಿ. ಮೊದಲ ಲಸಿಕೆ ಆರರಿಂದ ಎಂಟನೇ ವಾರದಲ್ಲಿ, ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ. ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ. “ಒಂದೇ ಸೂಜಿ ಸಾಕು” ಅಂತ ಮರಿ ಮಾರುವವರು ಹೇಳುತ್ತಾರೆ, ಸಾಲದು. ಕಾರ್ಡಿನಲ್ಲಿ ಡಾಕ್ಟರ ಸಹಿ, ಲಸಿಕೆಯ ಸ್ಟಿಕರ್ ಎರಡೂ ಇದೆಯೇ ನೋಡಿಕೊಳ್ಳಿ. ಕೊನೆಯ ಸೂಜಿಯಾಗಿ ಎರಡು ವಾರ ಕಳೆಯುವವರೆಗೆ ಬೇರೆ ನಾಯಿಗಳು ಅಡ್ಡಾಡುವ ಓಣಿಗೆ ಮರಿಯನ್ನು ಇಳಿಸಬೇಡಿ, ಎತ್ತಿಕೊಂಡೇ ಹೊರಗೆ ತೋರಿಸಿ.