ಹಾಕಿ ಮೈದಾನಕ್ಕೊಂದು ನಾಲ್ಕು ನುಡಿಯ ಹಾಡು

ಕೊಡಗಿನ ವಿರಾಜಪೇಟೆ ಕಡೆಯ ಹಾಕಿ ಪಂದ್ಯಾವಳಿಯೊಂದಕ್ಕೆ ಹಾಡು ಕೇಳಿಕೊಂಡು ಬಂದ ಸಂಘಟಕರು ಎರಡೇ ಮಾತು ಹೇಳಿದರು. ಕೊಡವ ತಕ್ಕ್, ಕನ್ನಡ, ಅರೆಭಾಷೆ, ಮಲಯಾಳಂ ನಾಲ್ಕೂ ಇರಬೇಕು. 2010ರ ಫುಟ್‌ಬಾಲ್ ವಿಶ್ವಕಪ್ಪಿಗೆ ಶಕೀರಾ ಹಾಡಿದ ‘ವಾಕಾ ವಾಕಾ’ದಂತೆ ಎಲ್ಲರೂ ಕುಣಿಯಬೇಕು. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಕೊಡವ ಕೌಟುಂಬಿಕ ಹಾಕಿ 300 ತಂಡಗಳನ್ನು ದಾಟಿ ಬೆಳೆದ ಜಿಲ್ಲೆಯಿದು. ಇಲ್ಲಿ ಹಾಕಿಯ ಹೆಸರಿನಲ್ಲಿ ಏನು ಕೇಳಿದರೂ ಇಲ್ಲ ಎನ್ನಲಾಗದು.

ಮೊದಲು ದೊಡ್ಡ ಪಂದ್ಯಾವಳಿಗಳ ಹಾಡುಗಳನ್ನು ಬಿಚ್ಚಿ ನೋಡಿದೆ. 2011ರ ಕ್ರಿಕೆಟ್ ವಿಶ್ವಕಪ್ಪಿನ ‘ದೇ ಘುಮಾ ಕೆ’ ಹಿಂದಿ, ಬಂಗಾಳಿ, ಸಿಂಹಳಗಳಲ್ಲಿ ಬೇರೆ ಬೇರೆಯಾಗಿ ಬಂತು. ಟಿವಿಗೆ ಅದು ಸರಿ, ಒಂದೇ ಮೈದಾನಕ್ಕಲ್ಲ. 2014ರ ಫುಟ್‌ಬಾಲ್ ವಿಶ್ವಕಪ್ಪಿನ ‘ವಿ ಆರ್ ಒನ್’ನಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಪೋರ್ಚುಗೀಸ್ ಒಟ್ಟಿಗಿದ್ದವು, ಆದರೆ ತಮ್ಮ ಪೋರ್ಚುಗೀಸಿಗೆ ಸಿಕ್ಕಿದ್ದು ಕೆಲವೇ ಸಾಲು ಎಂದು ಆತಿಥೇಯ ಬ್ರೆಜಿಲ್‌ನವರು ಮುನಿಸಿಕೊಂಡರು. ‘ವಾಕಾ ವಾಕಾ’ದ ಪಲ್ಲವಿಯ ಮೂಲ, ಕ್ಯಾಮರೂನಿನ ಗೋಲ್ಡನ್ ಸೌಂಡ್ಸ್ ತಂಡದ 1986ರ ಹಾಡು. ಅರ್ಥ ಗೊತ್ತಿಲ್ಲದವರೂ ಅದನ್ನು ಹಾಡಿದರು, ಏಕೆಂದರೆ ನಾಲಿಗೆಗೆ ಅದು ಎಲ್ಲೂ ತೊಡಕಾಗಲಿಲ್ಲ.

ಸಂಘಟಕರೇ ಬರೆದು ತಂದಿದ್ದ ಸಾಹಿತ್ಯ ಒಂದೇ ಸ್ವಾಗತವನ್ನು ನಾಲ್ಕು ಭಾಷೆಗಳಲ್ಲಿ ಹೇಳುತ್ತಿತ್ತು, ರೈಲು ನಿಲ್ದಾಣದ ಪ್ರಕಟಣೆಯ ಹಾಗೆ. (ನಮ್ಮ ಜಿಲ್ಲೆಗೆ ರೈಲೇ ಇಲ್ಲ!) ಅದನ್ನು ಪಕ್ಕಕ್ಕಿಟ್ಟು ಒಂದೊಂದು ನುಡಿಗೆ ಒಂದೊಂದು ಕೆಲಸ ಹಂಚಿದೆ. ಆರಂಭ ಕೊಡವ ತಕ್ಕ್‌ನಲ್ಲಿ, ದುಡಿ ಎಂಬ ಪುಟ್ಟ ಚರ್ಮವಾದ್ಯದ ಜೊತೆ. ಓಟದ ಸಾಲುಗಳು ಕನ್ನಡದಲ್ಲಿ. ಗೋಲ್‌ಕೀಪರನ್ನು ಕೆಣಕುವ ತುಂಟ ಮಾತು ಅರೆಭಾಷೆಗೆ. ಚಪ್ಪಾಳೆ ತಟ್ಟಿ ಕೂಗಿ ಉತ್ತರ ಕೊಡುವ ಭಾಗ ಮಲಯಾಳಕ್ಕೆ. ಪಲ್ಲವಿಯಲ್ಲಿ ಬರೀ ಕೂಗು, ಅದು ಯಾವ ಭಾಷೆಯೂ ಅಲ್ಲ.

ಕಷ್ಟ ಕೊಟ್ಟದ್ದು ತಾಳ. ಇಲ್ಲಿನವರು ಕುಣಿಯುವ ವಾದ್ಯಮೇಳ ವಾಲಗ. ಅದರ ಕುಣಿತ ಮೂರರ ತೂಗಿನಲ್ಲಿ ಸಾಗುತ್ತದೆ, ಪಾಪ್ ಹಾಡಿನ ಡ್ರಮ್ ನಾಲ್ಕರಲ್ಲಿ ನೇರವಾಗಿ ಬಡಿಯುತ್ತದೆ. ವಾಲಗವನ್ನು ನಾಲ್ಕಕ್ಕೆ ಬಗ್ಗಿಸಿದರೆ ಇಲ್ಲಿ ಯಾರ ಕಾಲೂ ಏಳುವುದಿಲ್ಲ. ನಾಲ್ಕು ಪೆಟ್ಟುಗಳನ್ನು ಹಾಗೇ ಉಳಿಸಿ, ಪ್ರತಿ ಪೆಟ್ಟಿನ ಒಳಗೆ ಮೂರು ಮಾತ್ರೆ ಕೂರಿಸಿದೆ. ಕುಣಿಯುವವರಿಗೆ ವಾಲಗ ಸಿಕ್ಕಿತು, ಚಪ್ಪಾಳೆ ತಟ್ಟುವವರಿಗೆ ನಾಲ್ಕು ಸಿಕ್ಕಿತು.

ಇನ್ನೊಂದು ತೊಡಕು ಸ್ವರಗಳದು. ಕೊಡವ ತಕ್ಕ್‌ನಲ್ಲಿ ತುಟಿ ದುಂಡಾಗಿಸದೆ ಬಾಯಿಯ ನಡುವಿನಿಂದ ಹೊರಡುವ ಸ್ವರಗಳಿವೆ. ಕನ್ನಡ ಅಕ್ಷರಮಾಲೆಯಲ್ಲಿ ಅವುಗಳಿಗೆ ಜಾಗವಿಲ್ಲ. ಕಾಗದ ನೋಡಿ ಹಾಡಿದ ಮಕ್ಕಳ ಉಚ್ಚಾರ ಕೇಳಿ ಪಕ್ಕದ ಮನೆಯ ಅಜ್ಜಿ ನಕ್ಕುಬಿಟ್ಟರು. ಆಮೇಲೆ ಕಾಗದವನ್ನೇ ಕಿತ್ತುಕೊಂಡು, ಆ ಅಜ್ಜಿಯನ್ನೇ ಕೂರಿಸಿ ಕಿವಿಯಿಂದ ಕಲಿಸಿದೆವು. ಎಳೆದು ಹಾಡುವ ಸಾಲುಗಳನ್ನು ಮಾತ್ರ ‘ಆ’, ‘ಓ’ಗಳಲ್ಲೇ ಮುಗಿಸಿದೆ, ಗುಂಪು ಹಾಡುವಾಗ ಅವೇ ದೂರ ಹೋಗುತ್ತವೆ.

ರೆಕಾರ್ಡಿಂಗ್ ಮನೆಯಲ್ಲೇ ನಡೆಯಿತು. ಹಗಲು ಜೀರುಂಡೆ, ಸಂಜೆ ತಗಡಿನ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ. ಕಾಫಿಗೆ ಆ ಮಳೆ ಬೇಕಾದ್ದರಿಂದ ಶಪಿಸುವಂತೆಯೂ ಇರಲಿಲ್ಲ. ರಾತ್ರಿ ಮಳೆ ನಿಂತ ಮೇಲೆ ಹಾಡಿಸಿದೆವು.

ಹಾಡಿನ ಧ್ವನಿ ಮಿಶ್ರಣವನ್ನು ಹೆಡ್‌ಫೋನಿನಲ್ಲಿ ಕೇಳಿ ತೀರ್ಮಾನಿಸಬಾರದು. ಮೈದಾನದಲ್ಲಿರುವುದು ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್. ಅದರಲ್ಲಿ ಕಂಪ್ಯೂಟರಿನ ಗುಂಡಗಿನ ಬಾಸ್ ಕೇಳಿಸುವುದೇ ಇಲ್ಲ, ದುಡಿಯ ಚುರುಕು ಪೆಟ್ಟು ಮಾತ್ರ ಉಳಿಯುತ್ತದೆ. ಹಾಗಾಗಿ ಬಾಸ್ ತಗ್ಗಿಸಿ ದುಡಿಯನ್ನು ಮುಂದಕ್ಕೆ ತಂದೆ.

ಕೊನೆಗೆ ಎರಡು ಪ್ರತಿ ಕೊಟ್ಟೆ. ಪೂರ್ತಿ ಹಾಡು ಉದ್ಘಾಟನೆಗೆ. ಅಂತರರಾಷ್ಟ್ರೀಯ ಹಾಕಿಯಲ್ಲಿ ಮೊದಲ ಮತ್ತು ಮೂರನೆಯ ಕ್ವಾರ್ಟರ್ ಮುಗಿದಾಗ ಸಿಗುವ ಬಿಡುವು 2 ನಿಮಿಷ. ಅದೇ ಲೆಕ್ಕಕ್ಕೆ ಹೊಂದುವ ಚಿಕ್ಕದೊಂದು, ಗಾಯನವಿಲ್ಲದ್ದು. ವೀಕ್ಷಕ ವಿವರಣೆಕಾರರು ಹೇಗೂ ಅದರ ಮೇಲೆ ಮಾತಾಡುತ್ತಾರೆ.