ಅಂಕ ನೋಡುವ ಹಣ, ಆದಾಯ ನೋಡುವ ಹಣ

ಸ್ಕಾಲರ್‌ಶಿಪ್ ವಿಚಾರಿಸಲು ಬರುವ ವಿದ್ಯಾರ್ಥಿಗೆ ನಾನು ಮೊದಲು ಕೇಳುವುದು ಆದಾಯ ಪ್ರಮಾಣಪತ್ರ. ಅಂಕಪಟ್ಟಿ ಆಮೇಲೆ. ಶೇ 62 ಬಂದವರು ‘ನಮಗೆಲ್ಲಿ ಕೊಡ್ತಾರೆ’ ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಶೇ 95 ಬಂದವರು ಅಂಕವೊಂದೇ ಸಾಕೆಂದು ನಾಡಕಚೇರಿಯ ಕಡೆ ತಲೆ ಹಾಕುವುದಿಲ್ಲ. ಇಬ್ಬರಿಗೂ ನಷ್ಟ, ಅದನ್ನು ನೋಡಿದರೆ ಸಂಕಟವಾಗುತ್ತದೆ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ಕೇಂದ್ರ ಯೋಜನೆ ಆದಾಯ ನೋಡುವಂಥದ್ದು. ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು, ಅಷ್ಟೇ. ಅಂಕದ ಪೈಪೋಟಿ ಅಲ್ಲಿಲ್ಲ. ಇನ್‌ಸ್ಪೈರ್‌ನ ‘ಶೀ’ ಯೋಜನೆ (ವಿಜ್ಞಾನ ಓದುವವರಿಗೆ ಕೇಂದ್ರ ಕೊಡುವ ‘ಸ್ಕಾಲರ್‌ಶಿಪ್ ಫಾರ್ ಹೈಯರ್ ಎಜುಕೇಷನ್’) ಇದಕ್ಕೆ ತದ್ವಿರುದ್ಧ: 12ನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೊದಲ ಶೇ 1ರಲ್ಲಿದ್ದು ಮೂಲವಿಜ್ಞಾನದ ಪದವಿಗೆ ಸೇರಬೇಕು, ವರ್ಷಕ್ಕೆ 80,000 ರೂಪಾಯಿ, ಆದಾಯ ಕೇಳುವುದೇ ಇಲ್ಲ. ಎಷ್ಟೇ ಅಂಕವಿದ್ದರೂ ಎಂಜಿನಿಯರಿಂಗ್ ಸೇರಿದವರಿಗೆ ಇದು ಬರುವುದಿಲ್ಲ.

ಮೆರಿಟ್ ಎಂದು ಕರೆಯುವ ಬಹುಪಾಲು ಸರ್ಕಾರಿ ಯೋಜನೆಗಳು ಇವೆರಡರ ನಡುವೆ ಇವೆ. ಶಾಲಾ ಮಕ್ಕಳ ಎನ್‌ಎಂಎಂಎಸ್‌ಗೆ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆಯಬೇಕು, ಜೊತೆಗೆ ಮನೆಯ ಆದಾಯ 3.5 ಲಕ್ಷದೊಳಗಿರಬೇಕು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000. ಕಾಲೇಜು ವಿದ್ಯಾರ್ಥಿಗಳ ಸೆಂಟ್ರಲ್ ಸೆಕ್ಟರ್ ಯೋಜನೆಗೆ ಆದಾಯ ಮಿತಿ 4.5 ಲಕ್ಷ. ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಇಲ್ಲಿ ಎಡವುವವರು ಬಹಳ. ಪರ್ಸೆಂಟೈಲ್ ಬೇರೆ, ಪರ್ಸೆಂಟ್ ಬೇರೆ. ನೂರು ಜನರಲ್ಲಿ ಮೊದಲ ಇಪ್ಪತ್ತರೊಳಗೆ ಇರಬೇಕೆಂದು ಅರ್ಥ. ಆ ಸಾಲಿನ ಫಲಿತಾಂಶ ಚೆನ್ನಾಗಿದ್ದರೆ ಶೇ 85 ತೆಗೆದವರೂ ಹೊರಗುಳಿಯಬಹುದು.

ಇನ್ನು ಕಾಗದಪತ್ರ. ನಾಡಕಚೇರಿಯ ಪ್ರಮಾಣಪತ್ರದಲ್ಲಿ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯೇ ಮುಖ್ಯ. ರಾಜ್ಯದ ವಿದ್ಯಾರ್ಥಿವೇತನ ಅರ್ಜಿಯ ಎಸ್‌ಎಸ್‌ಪಿ ತಾಣದಲ್ಲಿ ಅದನ್ನು ಹಾಕಿದಾಗ ಹೆಸರು ತಾನಾಗಿ ಬರುತ್ತದೆ. ಆಧಾರ್‌ನಲ್ಲಿ ‘ಕೆ. ರವಿ’, ಪ್ರಮಾಣಪತ್ರದಲ್ಲಿ ‘ರವಿಕುಮಾರ ಕೆ.’ ಎಂದಿದ್ದರೆ ತಾಳೆಯಾಗದೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಓದಿ ನೋಡುತ್ತೇನೆ. ಅರ್ಜಿ ತೆರೆಯುವ ಮುನ್ನವೇ ತಿದ್ದಿಸಬೇಕು. ಕೊನೆಯ ವಾರದಲ್ಲಿ ಇದು ಆಗುವ ಕೆಲಸವಲ್ಲ.

ಹಣ ಮಂಜೂರಾಗಿಯೂ ಕೈಗೆ ಬಾರದಿದ್ದರೆ ನಾನು ಮೊದಲು ನೋಡುವುದು ಆಧಾರ್ ಸೀಡಿಂಗ್, ಅಂದರೆ ಆಧಾರ್ ಸಂಖ್ಯೆ ಯಾವ ಬ್ಯಾಂಕ್ ಖಾತೆಗೆ ಜೋಡಣೆಯಾಗಿದೆ ಎಂಬುದು. ಆಧಾರ್ ಮೂಲಕ ಪಾವತಿಯಾಗುವ ಹಣ ಕೊನೆಯದಾಗಿ ಸೀಡ್ ಆದ ಬ್ಯಾಂಕಿಗೆ ಹೋಗುತ್ತದೆ, ಕೈಯಲ್ಲಿರುವ ಪಾಸ್‌ಬುಕ್ಕಿನ ಖಾತೆಗೇ ಬರಬೇಕೆಂದಿಲ್ಲ. ಮಧ್ಯೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು ಸೀಡಿಂಗಿಗೆ ಒಪ್ಪಿಗೆ ಕೊಟ್ಟಿದ್ದರೆ ಹಣ ಅಲ್ಲಿರುತ್ತದೆ. ಆಧಾರ್ ತಾಣದಲ್ಲಿ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೇಂದ್ರದ ವಿದ್ಯಾರ್ಥಿವೇತನ ಅರ್ಜಿಯ ಎನ್‌ಎಸ್‌ಪಿ ತಾಣದಲ್ಲಿ ‘ಸಬ್‌ಮಿಟ್’ ಒತ್ತಿದ ಮೇಲೆ ಕಾಲೇಜಿನ ನೋಡಲ್ ಅಧಿಕಾರಿ ಪರಿಶೀಲಿಸಬೇಕು, ಆಮೇಲೆ ಮೇಲಿನ ಹಂತದವರು. ‘ಡಿಫೆಕ್ಟಿವ್’ (ದೋಷವಿದೆ) ಎಂದು ವಾಪಸ್ ಬಂದರೆ ಗಡುವಿನೊಳಗೆ ಸರಿಪಡಿಸಿ ಮತ್ತೆ ಕಳಿಸಬೇಕು. ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ ನೋಡಿ ಎನ್ನುವುದು ಇದಕ್ಕೇ.

ಸೆಂಟ್ರಲ್ ಸೆಕ್ಟರ್, ಮೆಟ್ರಿಕ್ ನಂತರದ ಯೋಜನೆ ಎರಡಕ್ಕೂ ಅರ್ಹರಾದವರು ಲೆಕ್ಕ ಹಾಕಿ ಆರಿಸಬೇಕು, ಏಕೆಂದರೆ ಸೆಂಟ್ರಲ್ ಸೆಕ್ಟರ್ ಹಣ ಪಡೆಯುವವರು ಇನ್ನೊಂದು ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಪದವಿಯಲ್ಲಿ ಅದು ವರ್ಷಕ್ಕೆ 12,000. ಮುಂದುವರಿಯಲು ಪ್ರತಿ ವರ್ಷ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಮೆಟ್ರಿಕ್ ನಂತರದ ಯೋಜನೆಯಲ್ಲಿ ಕಡ್ಡಾಯ ಶುಲ್ಕವೂ ಸೇರುತ್ತದೆ, ಮೇಲೆ ಭತ್ಯೆ. ಶುಲ್ಕ ಹೆಚ್ಚಿರುವ ವೃತ್ತಿಪರ ಕೋರ್ಸಿಗೆ ಸೇರಿದ ಬಡ ಮನೆಯ ರ‍್ಯಾಂಕ್ ವಿದ್ಯಾರ್ಥಿಗೂ ನಾನು ಸೂಚಿಸುವುದು ಇದನ್ನೇ. ಮೆರಿಟ್ ಎಂಬ ಹೆಸರಿಗೆ ಸೋತು 12,000ಕ್ಕೆ ಅರ್ಜಿ ಹಾಕುವ ಮುನ್ನ ಕಾಲೇಜಿನ ಶುಲ್ಕದ ರಸೀದಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂಡಿ ನೋಡಿ.