ಎಣ್ಣೆ ಡಬ್ಬಿಯಲ್ಲಿ ಖಡಕ್ ರೊಟ್ಟಿ: ಹೊಳೆ ಬರುವ ಮೊದಲೇ ಕಟ್ಟಿಟ್ಟ ಬುತ್ತಿ

ಪ್ರವಾಹದ ಮೊದಲ ಎರಡು ದಿನ ಜನಕ್ಕೆ ಏನು ಕೊಡಬೇಕು ಅಂತ ಯಾರೇ ಕೇಳಲಿ, ನನ್ನ ಉತ್ತರ ಒಂದೇ. ಬೇಸಿಗೆಯಲ್ಲೇ ಬಡಿದು ಡಬ್ಬಿಯಲ್ಲಿ ಮುಚ್ಚಿಟ್ಟ ಖಡಕ್ ರೊಟ್ಟಿ, ಅಂದರೆ ಗರಿಗರಿಯಾಗಿ ಸುಟ್ಟ ಜೋಳದ ರೊಟ್ಟಿ. ಇದನ್ನು ಮೊದಲು ಹೇಳಿದಾಗ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ನಮ್ಮ ಓಣಿಯವರೇ ನಂಬಲಿಲ್ಲ. "ಅಕ್ಕಾರ, ಆಷಾಢದ ಹಸಿ ಹವಾದಾಗ ರೊಟ್ಟಿ ಉಳಿತಾವೇನ್ರೀ? ಬೂಷ್ಟು ಹಿಡದು ದನಕ್ಕ ಹಾಕೂದ ಆಗ್ತೈತಿ" ಅಂದರು. 2024ರ ಜುಲೈ ಕೊನೆಯಲ್ಲಿ ಘಟಪ್ರಭಾ ಏರಿದಾಗ ಅದೇ ಡಬ್ಬಿಗಳು ಹೋದವು. ಒಂದು ರೊಟ್ಟಿಗೂ ಬೂಷ್ಟು ಬಂದಿರಲಿಲ್ಲ. ಈಗ ಹೇಗೆ ಮಾಡಿದ್ರಿ ಅಂತ ಅವರೇ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎಸರು ಹಾಕಿ ನಾದುವುದು, ಬಡಿಯುವುದು ನಿಮಗೆಲ್ಲ ಬರುತ್ತೆ. ಅದನ್ನು ಬಿಟ್ಟು ಮುಂದಿನದು ಹೇಳುತ್ತೇನೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದವು. ಆಲಮಟ್ಟಿ ಅಣೆಕಟ್ಟಿನಿಂದ ಬಿಟ್ಟ ನೀರೇ 5 ಲಕ್ಷ ಕ್ಯೂಸೆಕ್ ದಾಟಿತ್ತು. ಆಗ ನಾವೂ ಎಲ್ಲರಂತೆ ಪಲಾವ್ ಮಾಡಿ ಪೊಟ್ಟಣ ಕಟ್ಟಿದೆವು. ಬೆಳಗ್ಗೆ ಹತ್ತಕ್ಕೆ ಕಟ್ಟಿದ ಪಲಾವ್, ಸೇತುವೆ ಮುಳುಗಿದ್ದರಿಂದ ಊರೆಲ್ಲ ಸುತ್ತಿ, ಟ್ರ್ಯಾಕ್ಟರ್ ಮೇಲೆ ಹೋಗಿ ಮುಟ್ಟುವಾಗ ಸಂಜೆ. ಪೊಟ್ಟಣ ಬಿಚ್ಚಿದರೆ ಹುಳಿ ವಾಸನೆ. ಒಂದು ವಾರದಲ್ಲಿ ಅರವತ್ತು ಸಾವಿರದ ಹತ್ತಿರ ಖರ್ಚಾಯಿತು. ಅದರಲ್ಲಿ ಮೂರನೇ ಒಂದು ಪಾಲು ಹಳಸಿ ಚೆಲ್ಲಿದ್ದು. ಡೀಸೆಲ್ ಲೆಕ್ಕ ಬೇರೆ.

ಡಾಂಬರು ರಸ್ತೆ ಮೇಲಿನ ಊರುಗಳಿಗೆ ಕೊರತೆ ಇರಲಿಲ್ಲ. ದೊಡ್ಡ ಊರಿಂದ ಬಂದ ಲಾರಿಗಳೆಲ್ಲ ಅಲ್ಲೇ ನಿಂತು ಬ್ರೆಡ್ಡು, ಬಿಸ್ಕತ್ತು ಇಳಿಸಿ ಹೋಗುತ್ತಿದ್ದವು. ಕಷ್ಟ ಇದ್ದದ್ದು ಒಳಗಿನವರಿಗೆ. ಗಂಜಿ ಕೇಂದ್ರಕ್ಕೆ ಬರದೆ, ದನಕರು ಕಟ್ಟಿಕೊಂಡು ಎತ್ತರದ ಹೊಲದಲ್ಲಿ ತಾಡಪತ್ರಿ ಹೊದ್ದು ಕೂತವರಿಗೆ. ಒಬ್ಬ ಅಜ್ಜಿಯನ್ನು ಕೇಂದ್ರಕ್ಕೆ ಕರೆದರೆ "ಎಮ್ಮಿ ಬಿಟ್ಟು ಎಲ್ಲಿಗೆ ಬರ್ಲಿ ಯವ್ವಾ?" ಅಂದಳು. ಅವಳ ಪಕ್ಕದಲ್ಲಿ ಯಾರೋ ಕೊಟ್ಟ ರೇಷನ್ ಕಿಟ್ ಇತ್ತು. ಐದು ಕೆಜಿ ಅಕ್ಕಿ, ಬೇಳೆ, ಎಣ್ಣೆ ಪಾಕೀಟು. ಒಲೆ ಇಲ್ಲ, ಪಾತ್ರೆ ಇಲ್ಲ, ಕಟ್ಟಿಗೆ ತೊಯ್ದು ತಪ್ಪಡಿ. ಅವಳು ಅಕ್ಕಿ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದಳು. ಅವತ್ತೇ ಗಟ್ಟಿ ಮಾಡಿಕೊಂಡೆ. ಮೊದಲ ಎರಡು ದಿನಕ್ಕೆ ಬೇಯಿಸುವ ಸಾಮಾನು ಕೊಡಬಾರದು, ಬೇಯಿಸಿದ ಹಸಿ ಊಟವೂ ಬೇಡ.

ಇದು ನಾನು ಹೊಸದಾಗಿ ಕಂಡುಹಿಡಿದದ್ದೇನಲ್ಲ. ಯುದ್ಧ, ಭೂಕಂಪ ಆದ ಕಡೆ ಒಲೆ ಹಚ್ಚಲಾಗದವರಿಗೆ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಮೊದಲು ಹಂಚುವುದು ಹೈ ಎನರ್ಜಿ ಬಿಸ್ಕತ್ತನ್ನೇ. ಒಬ್ಬರಿಗೆ ದಿನಕ್ಕೆ 2100 ಕಿಲೋ ಕ್ಯಾಲರಿ ಅನ್ನುವುದು ಅವರ ಲೆಕ್ಕ. ನಮ್ಮ ಬಿಸ್ಕತ್ತು ಖಡಕ್ ರೊಟ್ಟಿ. ಅದರ ಜೊತೆ ಶೇಂಗಾ ಚಟ್ನಿ ಇಟ್ಟರೆ ಆ ಲೆಕ್ಕ ಸುಲಭವಾಗಿ ತುಂಬುತ್ತೆ. ಶೇಂಗಾದ ಜಿಡ್ಡು ಜೋಳದಲ್ಲಿ ಇಲ್ಲವಲ್ಲ.

2021ರಲ್ಲಿ ಮೊದಲ ಸಲ ರೊಟ್ಟಿ ಕೂಡಿಟ್ಟು ನೋಡಿದೆವು. ಪ್ಲಾಸ್ಟಿಕ್ ಚೀಲದಲ್ಲಿ ಇಪ್ಪತ್ತಿಪ್ಪತ್ತು ಹಾಕಿ ಸೀಲ್ ಮಾಡಿದ್ದು. ಖಡಕ್ ರೊಟ್ಟಿಯ ಅಂಚು ಚೀಲವನ್ನು ಚುಚ್ಚುತ್ತೆ. ಕಣ್ಣಿಗೆ ಕಾಣದಷ್ಟು ತೂತು ಬಿದ್ದರೂ ಸಾಕು, ಹದಿನೈದು ದಿನದಲ್ಲಿ ರೊಟ್ಟಿ ಮೆತ್ತಗಾಗಿ ಹಸಿರು ಚುಕ್ಕೆ. ದಪ್ಪ ಚೀಲ ತಂದೆವು, ಅದರೊಳಗೂ ಬೆವರಿತು. ಒಂದರ ಮೇಲೊಂದು ಪೇರಿಸಿಟ್ಟಾಗ ನಡುವಿನ ರೊಟ್ಟಿ ಮುಟ್ಟಿದರೆ ತಣ್ಣಗೆ ಅನಿಸುತ್ತೆ, ಆದರೆ ಒಳಗೆ ಕಾವು ಇರುತ್ತೆ. ಚೀಲ ಬೇಡ ಅಂತ ರಟ್ಟಿನ ಡಬ್ಬಕ್ಕೆ ಹಾಕಿದರೆ ಗಾಡಿಯ ಕುಲುಕಾಟಕ್ಕೆ ಎಲ್ಲಾ ಚೂರು. ಆ ವರ್ಷ ನಲವತ್ತು ಸಾವಿರ ಹಾಕಿದ್ದರಲ್ಲಿ ಅರ್ಧ ನೀರಿಗೆ ಹೋಯಿತು. ನಮ್ಮ ಸಂಘದ ಸಭೆಯಲ್ಲಿ ನನಗೆ ಬೈಗುಳವೂ ಬಿತ್ತು.

ದಾರಿ ತೋರಿಸಿದ್ದು 15 ಕೆಜಿಯ ಎಣ್ಣೆ ಡಬ್ಬಿ. ಖಾನಾವಳಿಗಳಲ್ಲಿ ಖಾಲಿ ಡಬ್ಬಿ ನಲವತ್ತು ರೂಪಾಯಿಗೆ ಸಿಗುತ್ತೆ. ಮೇಲಿನ ತಗಡು ಕೊಯ್ಸಿ ಮುಚ್ಚಳ ಕೂಡಿಸಿದರೆ ಇಲಿ, ಇರುವೆ, ನೀರು ಯಾವುದೂ ಒಳಗೆ ಹೋಗಲ್ಲ. ನಮ್ಮ ರೊಟ್ಟಿ ಮಾತ್ರ ಅದರಲ್ಲಿ ಹಿಡಿಸುತ್ತಿರಲಿಲ್ಲ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೈಗೆ ಒಂದು ಅಳತೆ ಕೂತಿರುತ್ತೆ, ಅದನ್ನು ಎರಡು ಬೆರಳು ಕಡಿಮೆ ಮಾಡಿಸುವುದು ಸುಲಭ ಅಲ್ಲ. ಕೊನೆಗೆ ಕಲ್ಲಿನ ಮೇಲೆ ಸುಣ್ಣದಿಂದ ಗುಂಡಗೆ ಗೆರೆ ಎಳೆದೆ. ಅದರೊಳಗೇ ಬಡಿಯಿರಿ ಅಂದೆ. ಮೂರ್ನಾಲ್ಕು ದಿನದಲ್ಲಿ ಕೈ ಕೂತಿತು. ಈಗ ಒಂದು ಡಬ್ಬಿಗೆ ಎಂಬತ್ತರ ಸುಮಾರು ರೊಟ್ಟಿ ಕೂಡುತ್ತೆ. ಅಲುಗಾಡಲು ಜಾಗ ಇಲ್ಲ, ಹಾಗಾಗಿ ಒಡೆಯಲ್ಲ.

ಡಬ್ಬಿ ತೊಳೆಯುವುದರಲ್ಲಿ ಅವಸರ ಬೇಡ. ಮೂಲೆಯಲ್ಲಿ ಎಣ್ಣೆ ಉಳಿದರೆ ತಿಂಗಳಲ್ಲಿ ಕಮಟು ಹಿಡಿದು ಇಡೀ ಡಬ್ಬಿ ಕೆಡುತ್ತೆ. ಕುದಿ ನೀರು, ಸೋಡಾ, ಆಮೇಲೆ ಏಪ್ರಿಲ್ ಬಿಸಿಲಲ್ಲಿ ಬೋರಲು ಹಾಕಿ ಎರಡು ದಿನ. ರೊಟ್ಟಿಯನ್ನು ಎರಡು ಸಲ ಸುಡುತ್ತೇವೆ. ಎರಡನೆಯದು ಮರುದಿನ, ಸಣ್ಣ ಕಾವಿನಲ್ಲಿ. ಡಬ್ಬಿಯ ತಳಕ್ಕೆ ಹಸಿ ಹೀರಲು ಒಂದು ಬಟ್ಟೆಯ ಪುಡಿಕೆ ಇಡುತ್ತೇವೆ. ಅದರಲ್ಲಿ ಏನಿದೆ ಅಂತ ಇಲ್ಲಿ ಬರೆಯಲ್ಲ. ನಮ್ಮ ರೊಟ್ಟಿ ಕೇಂದ್ರಕ್ಕೆ ಬಂದವರಿಗೆ ತೋರಿಸುತ್ತೇನೆ.

ಚಟ್ನಿಯಲ್ಲಿ ಅಗಸಿ ಹಾಕಿ ನೋಡಿದೆ. ರುಚಿ ಚೆನ್ನ, ಬಾಳಿಕೆ ಇಲ್ಲ. ಗುರೆಳ್ಳು ಪರವಾಗಿಲ್ಲ. ಚುರುಮುರಿ ಕಳಿಸೋಣ ಅಂತ ಒಬ್ಬರು ಹಟ ಹಿಡಿದರು. ಹಗುರ ಏನೋ ಹೌದು, ಆದರೆ ನಾಲ್ಕು ಚೀಲಕ್ಕೇ ದೋಣಿ ತುಂಬುತ್ತೆ, ಹೊಟ್ಟೆ ತುಂಬಲ್ಲ. ಹಲ್ಲಿಲ್ಲದ ಮುದುಕರು, ಸಣ್ಣ ಮಕ್ಕಳು ಖಡಕ್ ರೊಟ್ಟಿ ಕಡಿಯಲಾರರು. ಅವರಿಗಾಗಿ ಮಾದಲಿ ಅನ್ನುವ ಸಿಹಿ ಪುಡಿ ಹಾಕಿದೆವು. ಜಾತ್ರೆ, ಹಬ್ಬದ ಮಾದಲಿಯನ್ನು ಪ್ರವಾಹಕ್ಕೆ ಕಳಿಸ್ತೀರಾ ಅಂತ ಕೆಲವರು ಮೂಗು ಮುರಿದರು. ಬರೀ ನೀರು ಹಾಕಿ ಕಲಸಿದರೂ ತಿನ್ನಬಹುದಾದ, ಬೆಲ್ಲ ಪುಠಾಣಿ ಇರುವ ಹಿಟ್ಟು ಇನ್ನೊಂದು ತೋರಿಸಿ ಅಂದೆ. ಕೊಬ್ಬರಿ ಮಾತ್ರ ಹಾಕಲ್ಲ, ಅದು ಬೇಗ ಕೆಡುತ್ತೆ. ನನ್ನ ಇಡೀ ಡಬ್ಬಿಯಲ್ಲಿ ಹೆಚ್ಚು ಹೆಮ್ಮೆ ಇರುವುದು ಈ ಮಾದಲಿ ಬಗ್ಗೆ.

ಲೆಕ್ಕ ಹೀಗಿದೆ. ಎಂಬತ್ತು ರೊಟ್ಟಿ, ಕೆಜಿ ಶೇಂಗಾ ಚಟ್ನಿ, ಒಂದೂವರೆ ಕೆಜಿ ಮಾದಲಿ, ಡಬ್ಬಿ ಸೇರಿ ಏಳುನೂರು ಚಿಲ್ಲರೆ. ಐದು ಜನರ ಮನೆಗೆ ಎರಡು ದಿನ ಚೆನ್ನಾಗಿ ನಡೆಯುತ್ತೆ. ಅದೇ ಐದು ಜನಕ್ಕೆ ನಲವತ್ತು ರೂಪಾಯಿಯ ಪಲಾವ್ ಪೊಟ್ಟಣ ಎರಡು ಹೊತ್ತು, ಎರಡು ದಿನ ಕೊಟ್ಟರೆ ಎಂಟುನೂರು, ಮೇಲೆ ನಾಲ್ಕು ಸಲ ಗಾಡಿ. ಡಬ್ಬಿಗೆ ಒಂದೇ ಸಲ ಹೋದರೆ ಆಯಿತು.

ಎಲ್ಲರೂ ಕೇಳಿದ್ದು, ಹೊಳೆ ಬರದಿದ್ದರೆ ಅಷ್ಟು ರೊಟ್ಟಿ ಏನು ಮಾಡ್ತೀರಿ ಅಂತ. ಮಾರುತ್ತೇವೆ. ಸುಗ್ಗಿ ಮುಗಿದು ಬಿಳಿಜೋಳ ಅಗ್ಗ ಇರುವಾಗ ಕೊಂಡು, ಏಪ್ರಿಲ್ ಮೇನಲ್ಲಿ ಬಡಿದು ಇಡುತ್ತೇವೆ. ಶ್ರಾವಣ ಮುಗಿಯುವಷ್ಟರಲ್ಲಿ ಹೊಳೆ ಇಳಿದರೆ ಖಾನಾವಳಿಗಳಿಗೆ, ಅಂಗಡಿಗಳಿಗೆ ಕೊಡುತ್ತೇವೆ. ಈ ಮಾತು ತಿಳಿದ ಮೇಲೆಯೇ ಸಂಘದವರು ನೂರಕ್ಕೆ ಒಂದು ರೂಪಾಯಿ ಬಡ್ಡಿಯಲ್ಲಿ ಒಂದು ಲಕ್ಷ ಎಂಬತ್ತು ಸಾವಿರದ ತನಕ ಸಾಲ ಕೊಟ್ಟರು. 2024ರಲ್ಲಿ ಇನ್ನೂರೈವತ್ತರ ಆಸುಪಾಸು ಡಬ್ಬಿ ತುಂಬಿದ್ದೆವು. ನೂರೈವತ್ತಕ್ಕೂ ಜಾಸ್ತಿ ಹೊಳೆದಂಡೆಗೆ ಹೋದವು, ದಾನಿಗಳು ಅಸಲು ಬೆಲೆ ಕೊಟ್ಟರು. ಉಳಿದದ್ದು ಮಾರಿದೆವು. ಬಡ್ಡಿ ಕಟ್ಟಿ, ಬಡಿದವರಿಗೆ ಪೂರಾ ಕೂಲಿ ಕೊಟ್ಟು ಕೈಗೆ ಸ್ವಲ್ಪ ಉಳಿಯಿತು ಕೂಡ. ಪುಕ್ಕಟೆ ದುಡಿಸಿಕೊಂಡರೆ ಈ ಕೆಲಸ ಎರಡನೇ ವರ್ಷಕ್ಕೆ ನಿಲ್ಲುತ್ತೆ.

ಡಬ್ಬಿ ಯಾವಾಗ ಹೊರಡಿಸಬೇಕು ಅನ್ನುವುದಕ್ಕೆ ಘಟಪ್ರಭಾದ ಹಿಡಕಲ್ ಅಣೆಕಟ್ಟಿನ ನೀರಿನ ಮಟ್ಟ ನೋಡುತ್ತೇನೆ. ಪೂರ್ಣ ಮಟ್ಟ 2175 ಅಡಿ. ಅದರ ಸಮೀಪ ಬಂದು, ಘಟಪ್ರಭಾ ಸೇರುವ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಕೂಡ ತುಂಬಿ ಹರಿಯುತ್ತಿವೆ ಅಂದರೆ ಕಾಯುವುದಿಲ್ಲ. ಮುಧೋಳದಿಂದ ಯಾದವಾಡಕ್ಕೆ ಹೋಗುವ ರಸ್ತೆಯ ಸೇತುವೆ ಮುಳುಗುವ ಮೊದಲೇ ಡಬ್ಬಿಗಳು ಹೊಳೆಯ ಆಚೆ ದಂಡೆಯಲ್ಲಿ ಇರಬೇಕು. ಕಾಳಜಿ ಕೇಂದ್ರ ಅಂದರೆ ಗಂಜಿ ಕೇಂದ್ರಗಳಿಗೆ ಕೊಡಲ್ಲ, ಅಲ್ಲಿ ಸರಕಾರದ ಬಿಸಿ ಊಟ ಇರುತ್ತೆ. ಎಮ್ಮೆ ಬಿಟ್ಟು ಬರದವರಿಗೇ ಮೊದಲು. ಜೊತೆಗೆ ಕುಡಿಯುವ ನೀರು ಕೊಡಲೇಬೇಕು, ರೊಟ್ಟಿ ನೀರಡಿಕೆ ಜಾಸ್ತಿ ಮಾಡುತ್ತೆ. ಖಾಲಿ ಡಬ್ಬಿ ವಾಪಸ್ ಕೇಳಲ್ಲ. ನೀರು ಇಳಿದ ಮೇಲೆ ಜೋಳ ತುಂಬಿಡಲು ಅವರಿಗೇ ಬೇಕಾಗುತ್ತೆ.

ಇದನ್ನು ಎಲ್ಲಾ ಕಡೆ ಒಯ್ಯಿರಿ ಅಂತ ನಾನು ಹೇಳಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಕಡೆಯಿಂದ ಜೋಳದ ರೊಟ್ಟಿ ಹೋಯಿತು. ಅಕ್ಕಿ ಉಣ್ಣುವ ಜನ, ಅವರಿಗೆ ಅವಲಕ್ಕಿ ಕಳಿಸಿದ್ದರೆ ಚೆನ್ನಾಗಿತ್ತು. ಅಥಣಿ, ಜಮಖಂಡಿ, ರಾಮದುರ್ಗ, ಬಾದಾಮಿ ಕಡೆಯವರು ಮಾತ್ರ ಕಣ್ಣು ಮುಚ್ಚಿ ಮಾಡಬಹುದು. ಈ ಸಲ ಸಜ್ಜಿ ರೊಟ್ಟಿಯ ಹತ್ತು ಡಬ್ಬಿ ಬೇರೆ ಇಟ್ಟಿದ್ದೇನೆ, ಎಷ್ಟು ತಿಂಗಳು ತಡೆಯುತ್ತೆ ನೋಡಬೇಕು. ಮಾಡುವವರಿದ್ದರೆ ಮಾರ್ಚ್‌ನಲ್ಲೇ ಡಬ್ಬಿ ಹಿಡಿದಿಟ್ಟುಕೊಳ್ಳಿ. ಉಪ್ಪಿನಕಾಯಿ ಹಾಕುವವರೂ ಅದನ್ನೇ ಹುಡುಕುತ್ತಾರೆ. ಮೇ ಬಂತೆಂದರೆ ನಲವತ್ತರ ಡಬ್ಬಿ ಎಪ್ಪತ್ತಕ್ಕೆ ಏರುತ್ತೆ.